ಹುಟ್ಟಿದ ಕೂಸಿನ ಹೃದಯ: ನೋಡುವ ಹೊತ್ತಿಗೆ ನೋಡೋಣ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಶಿವಾನುಭವಕ್ಕೆ ಬಂದು ಮಾತಾಡಬೇಕು ಎಂದು ಅಪ್ಪಗಳು ಹೇಳಿ ಕಳಿಸಿದಾಗ ನಾನು ಹಿಂಜರಿದೆ. ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಕ್ಕಳ ಕೆಮ್ಮು, ಜ್ವರ, ಭೇದಿ ನೋಡಿದವನು ನಾನು. ಅನುಭಾವದ ಮಾತು ನನಗೆ ಬರುವುದಿಲ್ಲ. ಅದಕ್ಕೆ ಅಪ್ಪಗಳು, ನಿಮ್ಮ ಕಾಯಕದ ಮಾತನ್ನೇ ಆಡಿ ಎಂದರು. ಹಾಗಾಗಿ ನನ್ನ ಕಾಯಕದಲ್ಲಿ ನಾನು ತಪ್ಪಿದ ಒಂದು ಪ್ರಸಂಗದಿಂದಲೇ ಸುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗಂಡು ಕೂಸು ಹುಟ್ಟಿತು. ಮೂರು ಕೇಜಿ ತೂಕ, ಗಟ್ಟಿ ಅಳು, ಕೆಂಪನೆಯ ಮೈ. ಮರುದಿನ ಬೆಳಿಗ್ಗೆ ನಾನು ಸ್ಟೆತಸ್ಕೋಪ್ ಇಟ್ಟು ಎದೆ ಕೇಳಿದೆ. ಏನೂ ಕೆಟ್ಟ ಸದ್ದು ಇರಲಿಲ್ಲ. "ಎಲ್ಲಾ ಚಲೋ ಐತಿ, ಕರಕೊಂಡು ಹೋಗ್ರಿ" ಎಂದು ಚೀಟಿ ಬರೆದುಕೊಟ್ಟೆ. ಆರನೆಯ ದಿನ ಆ ತಾಯಿ ಎತ್ತಿನ ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಕೂಸನ್ನು ಕರೆತಂದಳು. ಕೂಸು ಮೊಲೆ ಬಿಟ್ಟಿತ್ತು. ಉಸಿರು ಏದುತ್ತಿತ್ತು. ಕೈ ಬೆಚ್ಚಗಿದ್ದವು, ಕಾಲು ತಣ್ಣಗೆ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಆಗ ತೊಡೆಸಂದಿಯಲ್ಲಿ ಬೆರಳಿಟ್ಟು ನಾಡಿ ಹುಡುಕಿದೆ. ಸಿಗಲಿಲ್ಲ. ತೋಳಿನಲ್ಲಿ ನಾಡಿ ಇದೆ, ತೊಡೆಯಲ್ಲಿ ಇಲ್ಲ. ಹೃದಯದಿಂದ ಹೊರಟು ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿ ಒಂದು ಕಡೆ ಹುಟ್ಟಿನಿಂದಲೇ ಇರುಕಾಗಿತ್ತು. ಜಿಲ್ಲಾ ಊರಿಗೆ ಕಳಿಸಿದೆವು. ದಾರಿಯಲ್ಲೇ ಕೂಸು ಹೋಯಿತು.

ಆ ತಾಯಿ ಮರಳಿ ಬಂದಾಗ ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ನೀವು ನೋಡಿದ್ರೆಲ್ರಿ, ಡಾಕ್ಟರ್ರ?"

ನಾನು ನೋಡಿದ್ದೆ. ಎದೆ ಕೇಳಿದ್ದೆ. ಆದರೆ ತೊಡೆಸಂದಿಯಲ್ಲಿ ಬೆರಳಿಟ್ಟಿರಲಿಲ್ಲ. ಅರ್ಧ ನಿಮಿಷದ ಕೆಲಸ ಅದು. ಎರಡನೆಯ ದಿನ ಬೆರಳಿಟ್ಟಿದ್ದರೆ ನಾಡಿ ಸಿಗುತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆದರೆ ನಾನು ಇಡಲಿಲ್ಲ ಎಂಬುದಂತೂ ಖರೆ. ಅಂದಿನಿಂದ ನಿವೃತ್ತಿಯಾಗುವವರೆಗೆ ನನ್ನ ಕೈಗೆ ಬಂದ ಒಂದು ಹಸುಗೂಸನ್ನೂ ತೊಡೆಯ ನಾಡಿ ಹಿಡಿಯದೆ ಮನೆಗೆ ಕಳಿಸಿಲ್ಲ.

ಎರಡನೆಯ ದಿನ ಚೆನ್ನಾಗಿದ್ದ ಕೂಸು ಆರನೆಯ ದಿನಕ್ಕೆ ಹೇಗೆ ಕೆಟ್ಟಿತು? ಇದನ್ನು ತಿಳಿದುಕೊಂಡರೆ ನಾನು ಮುಂದೆ ಹೇಳುವುದೆಲ್ಲ ತಾನಾಗಿಯೇ ತಿಳಿಯುತ್ತದೆ. ಹೊಟ್ಟೆಯಲ್ಲಿರುವ ಕೂಸು ತಾನೇ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದ ಬರುತ್ತದೆ. ಪುಪ್ಪುಸಕ್ಕೆ ಕೆಲಸವಿಲ್ಲದ ಕಾರಣ ಅಲ್ಲಿಗೆ ಹೋಗಬೇಕಾದ ರಕ್ತವನ್ನು ನೇರ ಮಹಾಧಮನಿಗೆ ತಿರುಗಿಸುವ ಒಂದು ಸಣ್ಣ ಅಡ್ಡನಾಳ ಇರುತ್ತದೆ. ನಿಮ್ಮಲ್ಲಿ ಕಾಲುವೆಯಿಂದ ಹೊಲಕ್ಕೆ ನೀರು ಹಾಯಿಸುವವರಿದ್ದೀರಿ. ದೊಡ್ಡ ಕಾಲುವೆಯಿಂದ ಪಕ್ಕದ ಕಾಲುವೆಗೆ ಒಂದು ತೂಬು ಇದ್ದಂತೆ ಅದು. ಕೂಸು ಹುಟ್ಟಿ ಅತ್ತ ಕೂಡಲೇ ಪುಪ್ಪುಸ ಬಿಚ್ಚಿಕೊಳ್ಳುತ್ತದೆ, ಆ ತೂಬಿನ ಕೆಲಸ ಮುಗಿಯುತ್ತದೆ, ಎರಡು ಮೂರು ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೆಲವು ಕೂಸುಗಳಲ್ಲಿ ಇನ್ನೂ ಕೆಲವು ದಿನ ತಡವಾಗಬಹುದು.

ಸರಿಯಾದ ಹೃದಯಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ದೊಡ್ಡ ಕಾಲುವೆಯೇ ಕಟ್ಟಿಕೊಂಡಿದ್ದರೆ? ಪಕ್ಕದ ತೂಬಿನಿಂದಲೇ ಇಡೀ ಹೊಲಕ್ಕೆ ನೀರು ಹೋಗುತ್ತಿದ್ದರೆ? ತೂಬು ಮುಚ್ಚಿದ ದಿನ ಹೊಲ ಒಣಗುತ್ತದೆ. ಆ ಕೂಸಿಗೆ ಆದದ್ದು ಇದೇ. ತೂಬು ತೆರೆದಿರುವ ದಿನಗಳಲ್ಲಿ ಇಂಥ ಕೂಸು ನೋಡುವವರ ಕಣ್ಣಿಗೆ ಗುಂಡುಗಲ್ಲಿನಂತೆ ಇರುತ್ತದೆ. ಗೋಳೆಂದರೆ, ನಾವು ಆಸ್ಪತ್ರೆಯಿಂದ ಮನೆಗೆ ಕಳಿಸುವುದೂ ಅದೇ ದಿನಗಳಲ್ಲಿ. ತೂಬು ಮುಚ್ಚದಂತೆ ತಡೆಯುವ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧಿ ಇದೆ. ಅದನ್ನು ಹನಿಹನಿಯಾಗಿ ಕೊಡುತ್ತ ದೊಡ್ಡ ಆಸ್ಪತ್ರೆ ಮುಟ್ಟಿಸಿದರೆ ಅಲ್ಲಿ ದುರಸ್ತಿ ಮಾಡಲು ಬರುತ್ತದೆ. ಆದರೆ ಅದಕ್ಕೂ ಮುಂಚೆ ದೋಷ ಇದೆ ಎಂದು ಯಾರಾದರೂ ಗುರುತಿಸಬೇಕು.

ಇದು ಎಲ್ಲೋ ಲಕ್ಷಕ್ಕೊಂದು ಎನ್ನಬೇಡಿ. ಹುಟ್ಟುವ 1000 ಕೂಸುಗಳಲ್ಲಿ 8 ಅಥವಾ 9 ಕೂಸುಗಳಿಗೆ ಹೃದಯದಲ್ಲಿ ಏನಾದರೊಂದು ಹುಟ್ಟುದೋಷ ಇರುತ್ತದೆ. ವರ್ಷಕ್ಕೆ 2000 ಹೆರಿಗೆಯಾಗುವ ತಾಲ್ಲೂಕಿದ್ದರೆ ಅಲ್ಲಿ ವರ್ಷಕ್ಕೆ 16ರಿಂದ 18 ಮಕ್ಕಳು. ಅವರಲ್ಲಿ ಸುಮಾರು ಕಾಲು ಭಾಗದವರಿಗೆ ಮೊದಲನೆಯ ವರ್ಷದೊಳಗೇ ಶಸ್ತ್ರಚಿಕಿತ್ಸೆಯೋ ಬೇರೆ ಚಿಕಿತ್ಸೆಯೋ ಆಗಬೇಕು. ಉಳಿದವರಲ್ಲಿ ಬಹಳಷ್ಟು ಮಕ್ಕಳದು ಸಣ್ಣ ದೋಷ. ಜನ "ಹಾರ್ಟಿನ್ಯಾಗ ಹೋಲ್" ಅನ್ನುತ್ತಾರಲ್ಲ, ಆ ತೂತು ಸಣ್ಣದಿದ್ದರೆ ಎಷ್ಟೋ ಸಲ ತಾನೇ ಮುಚ್ಚಿಹೋಗುತ್ತದೆ. ಹೀಗಾಗಿ ಹೋಲ್ ಎಂದ ಕೂಡಲೇ ಎದೆ ಒಡೆದುಕೊಳ್ಳಬೇಕಿಲ್ಲ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದನ್ನು ಹೃದಯದ ಸ್ಕ್ಯಾನು, ಎಕೋ, ಹೇಳುತ್ತದೆ. ಎಕೋಕ್ಕೆ ಸೂಜಿ ಇಲ್ಲ, ನೋವಿಲ್ಲ.

ಹೃದಯದ ದೋಷಕ್ಕೆ ಗಡುವು ಇರುತ್ತದೆ. ಇವತ್ತು ನೀವು ಮನೆಗೆ ಒಯ್ಯಬೇಕಾದ ಮಾತು ಇದೊಂದೇ. ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಕೂಸಿಗೆ ಶಸ್ತ್ರಚಿಕಿತ್ಸೆ ಮೊದಲ ಎರಡು ಮೂರು ವಾರಗಳಲ್ಲಿ ಆದರೆ ಒಳ್ಳೆಯದು. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತಿದ್ದರೆ ಮೊದಲ ವರ್ಷದೊಳಗೇ ಮುಚ್ಚಬೇಕು. ಬಿಟ್ಟರೆ ಏನಾಗುತ್ತದೆ? ಪುಪ್ಪುಸಕ್ಕೆ ಜೋರಾಗಿ ನುಗ್ಗುವ ರಕ್ತದ ಹೊಡೆತಕ್ಕೆ ಅಲ್ಲಿನ ಸಣ್ಣ ನಾಳಗಳು ದಪ್ಪಗಟ್ಟಿ ಬಿರುಸಾಗುತ್ತವೆ. ಒಂದು ಹಂತ ದಾಟಿದ ಮೇಲೆ ಆ ತೂತನ್ನು ಮುಚ್ಚಲು ಬರುವುದಿಲ್ಲ. ಮುಚ್ಚಿದರೆ ಜೀವಕ್ಕೇ ಅಪಾಯ.

ಅಂಥ ಒಬ್ಬ ಹುಡುಗ ನನ್ನ ಹತ್ತಿರ ಬಂದಾಗ ಅವನಿಗೆ ಹನ್ನೊಂದು ವರ್ಷ. ತುಟಿ ನೇರಳೆ ಹಣ್ಣು ತಿಂದಂತೆ, ಉಗುರು ಗುಂಡಗೆ ಉಬ್ಬಿದ್ದವು. ನಾಲ್ಕು ತಿಂಗಳ ಕೂಸಿದ್ದಾಗಲೇ ತೂತಿದೆ ಎಂದು ಗೊತ್ತಾಗಿತ್ತು. "ದೊಡ್ಡಾವಾಗ್ಲಿ, ಮೈಯಾಗ ಶಕ್ತಿ ಬರ್ಲಿ, ಆಮ್ಯಾಲ ಆಪರೇಶನ್ ಮಾಡಸೋಣು ಅಂತ ಬಿಟ್ಟಿದ್ವಿರಿ" ಎಂದರು ಅವನಪ್ಪ. ಮಗನ ಮೇಲಿನ ಮಾಯೆಯಿಂದಲೇ ಬಿಟ್ಟಿದ್ದರು. ದೊಡ್ಡ ಆಸ್ಪತ್ರೆಯವರು ನೋಡಿ, ಈಗ ಗುಳಿಗೆಯಲ್ಲೇ ಕಾಲ ಹಾಕಬೇಕು ಎಂದು ಮರಳಿ ಕಳಿಸಿದರು. ಆ ಅಪ್ಪನ ಮುಖ ನಾನು ಮರೆತಿಲ್ಲ. ಶಕ್ತಿ ಬಂದ ಮೇಲೆ ಆಪರೇಶನ್ ಎಂಬ ಲೆಕ್ಕ ಇಲ್ಲಿ ತಿರುಗುಮುರುಗು. ಆಪರೇಶನ್ ಆದ ಮೇಲೆಯೇ ಇಂಥ ಕೂಸಿಗೆ ಶಕ್ತಿ ಬರುವುದು.

ಹಾಗಾದರೆ ಬೇಗ ಕಂಡುಹಿಡಿಯುವುದು ಹೇಗೆ? ಮೊದಲನೆಯದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರವನ್ನು ಎಲ್ಲರೂ ಕಂಡಿದ್ದೀರಿ. ಅದೇ ಪಲ್ಸ್ ಆಕ್ಸಿಮೀಟರ್. ಹಸುಗೂಸಿಗೆ ಅದರದೇ ಬೇರೆ ಪಟ್ಟಿ ಇರುತ್ತದೆ; ದೊಡ್ಡವರ ಬೆರಳಿನ ಕ್ಲಿಪ್ಪನ್ನು ಮನೆಯಲ್ಲಿ ಕೂಸಿಗೆ ಹಾಕಿ ನೋಡಬೇಡಿ, ಲೆಕ್ಕ ತಪ್ಪುತ್ತದೆ. ಕೂಸು ಹುಟ್ಟಿ 24 ಗಂಟೆ ಕಳೆದ ಮೇಲೆ, ಮನೆಗೆ ಹೊರಡುವ ಮೊದಲು, ಆ ಪಟ್ಟಿಯನ್ನು ಬಲಗೈಗೆ ಒಮ್ಮೆ, ಯಾವುದಾದರೊಂದು ಪಾದಕ್ಕೆ ಒಮ್ಮೆ ಸುತ್ತಿ ನೋಡಬೇಕು. ಎರಡೂ ಕಡೆ 95 ಅಥವಾ ಅದಕ್ಕಿಂತ ಮೇಲೆ ಬಂದು, ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ಅಂತರ ಇರದಿದ್ದರೆ ಸರಿ. ಎಲ್ಲಿಯಾದರೂ 90ಕ್ಕಿಂತ ಕೆಳಗೆ ಬಂದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ನಡುವೆ ಬಂದರೆ ಒಂದು ತಾಸು ಬಿಟ್ಟು ಮತ್ತೆ ನೋಡಬೇಕು. ಇದಕ್ಕೆ ಐದು ನಿಮಿಷ ಸಾಕು. ಅಮೆರಿಕದಲ್ಲಿ 2011ರಲ್ಲಿ ಇದನ್ನು ಎಲ್ಲ ನವಜಾತ ಶಿಶುಗಳಿಗೂ ಮಾಡಬೇಕಾದ ಪರೀಕ್ಷೆಗಳ ಪಟ್ಟಿಗೆ ಸೇರಿಸಿದರು.

ಕಣ್ಣಿಗೇ ಕಾಣುತ್ತದಲ್ಲ, ಯಂತ್ರ ಯಾಕೆ ಎಂದು ಕೇಳಬಹುದು. ಆಕ್ಸಿಜನ್ 80ರ ಸುಮಾರಿಗೆ ಇಳಿಯುವ ತನಕ ನೀಲಿ ಬಣ್ಣ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲೂ ನಮ್ಮ ಕಡೆಯ ಕಂದು ಮೈಬಣ್ಣದ ಕೂಸುಗಳಲ್ಲಿ, ಮಂದ ಬೆಳಕಿನ ವಾರ್ಡಿನಲ್ಲಿ, ಅನುಭವಸ್ಥ ದಾದಿಗೂ ಗೊತ್ತಾಗುವುದಿಲ್ಲ. 88ಕ್ಕೂ 97ಕ್ಕೂ ಇರುವ ಅಂತರವನ್ನು ಯಂತ್ರ ಹೇಳುತ್ತದೆ.

ಎಲ್ಲ ಆಸ್ಪತ್ರೆಯಲ್ಲೂ ಇದು ತಪ್ಪದೆ ನಡೆಯುತ್ತದೆ ಎಂದು ನಂಬಿ ಸುಮ್ಮನೆ ಇರಬೇಡಿ. ನೀವೇ ಕೇಳಿ: "ಕೂಸಿನ ಕೈಯಾಗ, ಕಾಲಾಗ ಆಕ್ಸಿಜನ್ ನೋಡೀರೇನ್ರಿ? ತೊಡಿ ಸಂದಿಯೊಳಗ ನಾಡಿ ಹಿಡದು ನೋಡೀರೇನ್ರಿ?" ಇವೆರಡೇ ಪ್ರಶ್ನೆ. ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ ಎಂದು ಅಂಜಬೇಡಿ. ನನ್ನನ್ನು ಆ ತಾಯಿ ಎರಡನೆಯ ದಿನವೇ ಕೇಳಿದ್ದರೆ ನಾನು ಮೊದಲು ಮುಖ ಗಂಟಿಕ್ಕುತ್ತಿದ್ದೆನೋ ಏನೋ, ಆದರೆ ಬೆರಳಿಟ್ಟು ನೋಡುತ್ತಿದ್ದೆ. ಹೆರಿಗೆಯಾದ ಮೇಲೆ 48 ತಾಸು ಆಸ್ಪತ್ರೆಯಲ್ಲಿ ಇರಬೇಕು ಎಂದು ಸರ್ಕಾರ ಹೇಳುವುದರಲ್ಲೂ ಅರ್ಥವಿದೆ. ಮನೆಯಲ್ಲಿ ದನಕರು ಕಾಯುತ್ತಿವೆ ಎಂದು ಅದೇ ಸಂಜೆ ಹೊರಟುಬಿಡಬೇಡಿ.

ಯಂತ್ರ ಎಲ್ಲವನ್ನೂ ಹಿಡಿಯುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ನನ್ನ ಕೈತಪ್ಪಿದ ಆ ಕೂಸಿನಂತೆ ಮಹಾಧಮನಿ ಇರುಕಾದ ಕೂಸುಗಳು ಕೆಲವು ಸಲ ಈ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳುತ್ತವೆ. ಎದೆಯ ತೂತು ಹುಟ್ಟಿದ ಎರಡನೆಯ ದಿನ ಆಕ್ಸಿಜನ್ ಇಳಿಸುವುದೇ ಇಲ್ಲ. ಅದರ ಲಕ್ಷಣ ಕಾಣುವುದು ನಾಲ್ಕು, ಆರು ವಾರಗಳ ಮೇಲೆ. ಅಷ್ಟೊತ್ತಿಗೆ ಕೂಸು ಮನೆಯಲ್ಲಿರುತ್ತದೆ. ಆದ್ದರಿಂದ ಎರಡನೆಯ ಪರೀಕ್ಷೆ ಮನೆಯಲ್ಲಿ ಆಗಬೇಕು. ಅದನ್ನು ಮಾಡಬೇಕಾದವರು ನೀವು, ಅದರಲ್ಲೂ ಅಜ್ಜಿಯರು.

ಅಂಥ ಒಬ್ಬ ಅಜ್ಜಿಯ ಮಾತು ಹೇಳುತ್ತೇನೆ. ಏಳು ವಾರದ ಹೆಣ್ಣು ಕೂಸನ್ನು ಎತ್ತಿಕೊಂಡು ಬಂದು ಹೇಳಿದರು: "ಮೊಲಿ ಹಿಡಿತೈತ್ರಿ, ನಾಕ ಗುಟುಕಿಗೆ ಬಿಟ್ಟು ತೇಕತೈತ್ರಿ. ಮತ್ತ ಹಿಡಿತೈತಿ, ಮತ್ತ ಬಿಡತೈತಿ. ಹಣಿ ಮ್ಯಾಲ ಬೆವರು ಸಾಲಗಟ್ಟಿ ನಿಂದರತಾವ್ರಿ. ನಾ ಎಂಟು ಹಡದೀನಿ, ಹಾಲು ಕುಡಿಯೂವಾಗ ಬೆವರೂ ಕೂಸು ನೋಡಿಲ್ಲ." ಯಾವ ವೈದ್ಯಕೀಯ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಹಸುಗೂಸಿಗೆ ಹಾಲು ಕುಡಿಯುವುದೇ ದುಡಿಮೆ. ನಮಗೆ ಮೆಟ್ಟಿಲು ಹತ್ತಿದಂತೆ ಅದಕ್ಕೆ ಮೊಲೆ ಚೀಪುವುದು. ಹೃದಯ ಸೋತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನೀವು ನೋಡಬೇಕಾದದ್ದು ಇಷ್ಟು. ಹಾಲು ಕುಡಿಯುವಾಗ ಸುಸ್ತಾಗಿ ಬಿಟ್ಟುಬಿಡುವುದು, ಹಣೆ ಬೆವರುವುದು. ಮಲಗಿದಾಗಲೂ ಉಸಿರು ಜೋರಾಗಿರುವುದು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು ಬಂದರೆ, ಪಕ್ಕೆ ಸೆಳೆತ ಕಂಡರೆ, ಅದು ಆಸ್ಪತ್ರೆಯ ಮಾತು. ತೂಕ ಏರದಿರುವುದು. ಪದೇಪದೇ ಕಫ, ನ್ಯುಮೋನಿಯಾ ಆಗುವುದು. ನಾಲಿಗೆ, ತುಟಿ ನೀಲಿಯಾಗುವುದು. ಚಳಿಗೆ ಕೈಕಾಲು ಮಾತ್ರ ನೀಲಿಯಾದರೆ ಭಯವಿಲ್ಲ, ನಾಲಿಗೆ ನೋಡಿ. ಇನ್ನು ನಡೆಯುವ ಮಕ್ಕಳಾದರೆ, ನಾಲ್ಕು ಹೆಜ್ಜೆ ಓಡಿ ಕುಕ್ಕರಗಾಲಿನಲ್ಲಿ ಕುಳಿತು ಸುಧಾರಿಸಿಕೊಳ್ಳುವ ಮಗುವನ್ನು ಸೋಮಾರಿ ಎನ್ನಬೇಡಿ. ಫ್ಯಾಲೋ ಎಂಬ ದೋಷವಿರುವ ಮಕ್ಕಳು ತಮಗೆ ತಾವೇ ಕಂಡುಕೊಂಡ ಉಪಾಯ ಅದು. ಹಾಗೆ ಕುಳಿತರೆ ಪುಪ್ಪುಸಕ್ಕೆ ತುಸು ಹೆಚ್ಚು ರಕ್ತ ಹೋಗುತ್ತದೆ.

ನಿಮ್ಮ ಜೊತೆ ನೋಡುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಸಲ ಬರಬೇಕು. ಬಂದಾಗ ಕೂಸು ಮಲಗಿದೆ ಎಂದು ಬಾಗಿಲಿನಿಂದಲೇ ಕಳಿಸಬೇಡಿ. ಕುಲಾವಿ ತೆಗೆದು, ಅಂಗಿ ಬಿಚ್ಚಿ, ಬೆಳಕಿಗೆ ತಂದು ತೋರಿಸಿ. 2013ರಲ್ಲಿ ಸುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹುಟ್ಟು ಹೃದಯದೋಷ ಆ ಪಟ್ಟಿಯಲ್ಲೇ ಇದೆ. ಅವರು ಚೀಟಿ ಬರೆದುಕೊಟ್ಟರೆ ಗೋಡೆಯ ಮೊಳೆಗೆ ಸಿಕ್ಕಿಸಿ ಇಡಬೇಡಿ, ಆ ವಾರವೇ ಜಿಲ್ಲಾಸ್ಪತ್ರೆಗೆ ಹೋಗಿ. ಹಣದ ಚಿಂತೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲದೆ ಮೈಸೂರು, ಕಲಬುರಗಿಗಳಲ್ಲೂ ಇದೆ. ಹೊಲ ಮಾರುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಆ ಅಜ್ಜಿಯ ಕಥೆ ಅರ್ಧಕ್ಕೆ ನಿಂತಿತು. ಎಕೋದಲ್ಲಿ ದೊಡ್ಡ ತೂತು ಕಂಡಿತು. ಮೊದಲು ಔಷಧಿ, ಆಮೇಲೆ ಐದನೆಯ ತಿಂಗಳಲ್ಲಿ ಆಪರೇಶನ್ ಎಂದು ದಿನ ಕೊಟ್ಟರು. ಆಗ ಮನೆಯಲ್ಲಿ ಎರಡು ಮಾತು ಎದ್ದವು. ಒಂದು: "ಹೆಣ್ಣು ಕೂಸು, ಎದಿ ಮ್ಯಾಲ ಗಾಯದ ಗುರುತು ಉಳದರ ನಾಳೆ ಲಗ್ನ ಹ್ಯಾಂಗ?" ಎರಡು: ಅಡ್ಮಿಟ್ ಆಗಬೇಕಾದ ದಿನ ಅಮಾವಾಸ್ಯೆ. ಕಳೆದ ಮೇಲೆ ಹೋಗೋಣ ಎಂದರು ಹಿರಿಯರು. ಅಜ್ಜಿ ನನ್ನೆದುರಿಗೇ ಹೇಳಿದರು: "ಕೂಸಿನ ಉಸುರು ಅಮಾಸಿ ನೋಡಿ ನಿಂದರತೈತೇನು? ಲಗ್ನದ ಮಾತು ಅದು ಬದಕಿದ ಮ್ಯಾಲಿಂದು." ಅಮಾವಾಸ್ಯೆಯ ದಿನವೇ ರೈಲು ಹತ್ತಿದರು. ಆ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ.

ಶರಣ ಬಂಧುಗಳೇ, ನನ್ನ ಮೂವತ್ತು ವರ್ಷದ ಅನುಭವದಲ್ಲಿ ಮಕ್ಕಳ ಚಿಕಿತ್ಸೆ ತಡವಾದದ್ದು ಹಣಕ್ಕೆ ಮಾತ್ರ ಅಲ್ಲ. ಬಸವಾದಿ ಶರಣರು ಐದು ಸೂತಕಗಳನ್ನೂ ಅಲ್ಲಗಳೆದರು. ಅದರಲ್ಲಿ ಜನನ ಸೂತಕವೂ ಒಂದು. ವೇದಿಕೆಯ ಮೇಲೆ ನಾವು ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಬಾಣಂತಿ ಇನ್ನೂ ಕತ್ತಲೆ ಕೋಣೆಯಲ್ಲಿದ್ದಾಳೆ? ಕಿಟಕಿಗೆ ಗೋಣಿತಾಟು, ಒಳಗೆ ಕೆಂಡದ ಹೊಗೆ, ಕೂಸಿನ ಮುಖ ಕಾಣದಂತೆ ಕುಲಾವಿ. ಆ ಕತ್ತಲೆಯಲ್ಲಿ ನಾಲಿಗೆಯ ಬಣ್ಣ ಯಾರಿಗೆ ಕಾಣಬೇಕು? ಕೂಸು ತೇಕಿದರೆ ದೃಷ್ಟಿ ತಾಗಿದೆ ಎನ್ನುತ್ತೇವೆ. ಪಕ್ಕೆ ಸೆಳೆದರೆ ಹೊಟ್ಟೆಗೆ ಬರೆ ಹಾಕಿಸುತ್ತೇವೆ. ಬರೆ ಬಿದ್ದ ಕೂಸುಗಳ ಸುಟ್ಟ ಗಾಯಕ್ಕೆ ಮುಲಾಮು ಹಚ್ಚುತ್ತ, ಒಳಗೆ ಸೋಲುತ್ತಿರುವ ಹೃದಯದ ಸದ್ದು ಕೇಳಿದವನು ನಾನು. ಆ ಹೊತ್ತಿನ ಸಂಕಟ ಹೇಳಲು ಬರುವುದಿಲ್ಲ.

ಇನ್ನೊಂದು ತಾಯಿಯ ಮೇಲೆ ಹೊರಿಸುವ ದೋಷ. ಗ್ರಹಣದಲ್ಲಿ ಹೊರಗೆ ಬಂದಳು, ಹಿಂದಿನ ಜನ್ಮದ ಪಾಪ, ಅವಳ ಕಾಲ್ಗುಣ ಎನ್ನುತ್ತಾರೆ. ಕೂಸಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ. ಎಷ್ಟೋ ಜನರಿಗೆ ಬಸಿರು ಎಂದು ಗಟ್ಟಿಯಾಗಿ ಗೊತ್ತಾಗುವ ಹೊತ್ತಿಗೆ ಆ ಕೆಲಸ ಬಹುತೇಕ ಮುಗಿದಿರುತ್ತದೆ. ಬಹಳಷ್ಟು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಹೇಳಲು ಬರುವುದಿಲ್ಲ. ಆದರೆ ದೋಷದ ಸಂಭವ ಹೆಚ್ಚಿಸುವ ಕೆಲವು ಸಂಗತಿಗಳು ತಿಳಿದಿವೆ, ಅವು ಇಡೀ ಮನೆಯವರಿಗೆ ಸೇರಿದವು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರಕ್ತಸಂಬಂಧದ ಮದುವೆ. ಬಸಿರಿಗೆ ಮೊದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ. ಬಸಿರಿನ ಮೊದಲ ತಿಂಗಳುಗಳಲ್ಲಿ ತಗಲುವ ರುಬೆಲ್ಲಾ. ಇದಕ್ಕೆ ಈಗ ಮಕ್ಕಳಿಗೆ ಹಾಕುವ ದಡಾರ–ರುಬೆಲ್ಲಾ ಲಸಿಕೆಯಲ್ಲೇ ರಕ್ಷಣೆ ಇದೆ. ವೈದ್ಯರನ್ನು ಕೇಳದೆ ನುಂಗುವ ಕೆಲವು ಗುಳಿಗೆಗಳು. ಇದರಲ್ಲಿ ಎಷ್ಟನ್ನು ಆ ಹುಡುಗಿ ತಾನೇ ಆರಿಸಿಕೊಂಡಳು? ಮನೆತನದಲ್ಲಿ ಹೃದಯದೋಷ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಸಿರಿನ 18ರಿಂದ 22ನೆಯ ವಾರದೊಳಗೆ ಹೊಟ್ಟೆಯಲ್ಲಿರುವ ಕೂಸಿನ ಹೃದಯವನ್ನೇ ಸ್ಕ್ಯಾನಿನಲ್ಲಿ ನೋಡಲು ಬರುತ್ತದೆ. ಮೊದಲೇ ತಿಳಿದರೆ ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಹುದು.

ಮುಗಿಸುವ ಮುಂಚೆ, ಕಾಯಕದ ಮಾತು ಎಂದರಲ್ಲ ಅಪ್ಪಗಳು, ಅದಕ್ಕೊಂದು ಕಥೆ. ಒಂದು ಕಾಲಕ್ಕೆ ನೀಲಿ ಮಕ್ಕಳಿಗೆ ಉಪಾಯವೇ ಇರಲಿಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟೌಸಿಗ್ ಎಂಬ ವೈದ್ಯೆ ಇದ್ದರು. ಅವರಿಗೆ ಕಿವಿ ಮಂದವಾಗಿತ್ತು. ಹೃದಯ ನೋಡುವ ವೈದ್ಯೆಗೆ ಸ್ಟೆತಸ್ಕೋಪಿನ ಸದ್ದು ಸರಿಯಾಗಿ ಕೇಳದು! ಆಕೆ ಕೂಸಿನ ಎದೆಯ ಮೇಲೆ ಬೆರಳಿಟ್ಟು ಹೃದಯವನ್ನು ಅರಿಯುವುದನ್ನು ರೂಢಿಸಿಕೊಂಡರು. ಪುಪ್ಪುಸಕ್ಕೆ ರಕ್ತ ಹೋಗುವ ಹೊಸ ದಾರಿಯೊಂದನ್ನು ಮಾಡಿಕೊಟ್ಟರೆ ಈ ಮಕ್ಕಳು ಬದುಕಬಹುದು ಎಂದು ಅವರಿಗೆ ಹೊಳೆಯಿತು. ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ಒಪ್ಪಿದರು. ಆದರೆ ನಾಯಿಗಳ ಮೇಲೆ ಪ್ರಯೋಗ ಮಾಡಿ, ಸಲಕರಣೆ ಸಿದ್ಧಪಡಿಸಿ, ಹೊಲಿಗೆ ಹೇಗೆ ಹಾಕಬೇಕೆಂದು ಕಂಡುಕೊಂಡವರು ಅವರ ಪ್ರಯೋಗಶಾಲೆಯ ಸಹಾಯಕ ವಿವಿಯನ್ ಥಾಮಸ್. ಕಪ್ಪು ಜನಾಂಗದವರು. ಬಡಗಿಯ ಮಗ, ತಾವೂ ಬಡಗಿ ಕೆಲಸ ಮಾಡಿದವರು. ಡಾಕ್ಟರ್ ಓದುವ ಆಸೆ ಹಣವಿಲ್ಲದೆ ಮುರಿದಿತ್ತು. 1944ರ ನವೆಂಬರ್ 29ರಂದು, ನಾಲ್ಕು ಕೇಜಿಯಷ್ಟೇ ತೂಗುತ್ತಿದ್ದ ಐಲೀನ್ ಎಂಬ ನೀಲಿ ಕೂಸಿಗೆ ಆ ಶಸ್ತ್ರಚಿಕಿತ್ಸೆ ಆಯಿತು. ಥಾಮಸ್ ಒಂದು ಮೆಟ್ಟಿಲಿನ ಮೇಲೆ ನಿಂತು ಬ್ಲಾಲಾಕರ ಹೆಗಲ ಹಿಂದಿನಿಂದ ಹೇಗೆ ಹೊಲಿಯಬೇಕೆಂದು ಹೇಳಿಕೊಟ್ಟರು. ಮರುವರ್ಷ ಪ್ರಕಟವಾದ ಲೇಖನದಲ್ಲಿ ಅವರ ಹೆಸರು ಇರಲಿಲ್ಲ. ಆ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಐಲೀನ್ ಬಹಳ ದಿನ ಬದುಕಲಿಲ್ಲ. ಆದರೆ ಅವಳ ಹಿಂದೆ ಬಂದ ಸಾವಿರಾರು ಮಕ್ಕಳು ಬದುಕಿದರು. ಕಿವಿ ಕೇಳದ ಹೆಣ್ಣುಮಗಳ ಬೆರಳು, ಬಡಗಿಯ ಮಗನ ಕೈ. ಕಾಯಕಕ್ಕೆ ಕುಲವಿಲ್ಲ ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮಠದಿಂದ ನಾನು ಮೂರು ಉಪಕಾರ ಬೇಡುತ್ತೇನೆ. ಕೂಸಿಗೆ ಲಿಂಗಧಾರಣೆ ಮಾಡಿಸಲು, ಹೆಸರಿಡಲು ಜನ ಇಲ್ಲಿಗೆ ಬರುತ್ತಾರೆ. ಅಪ್ಪಗಳು ಕೂಸಿನ ಹಣೆಗೆ ವಿಭೂತಿ ಹಚ್ಚುವಾಗ ತಾಯಿಯನ್ನು ಒಂದು ಮಾತು ಕೇಳಲಿ: "ಹಾಲು ಕುಡಿಯುವಾಗ ಬೆವರುತ್ತದೆಯೇ, ದಣಿಯುತ್ತದೆಯೇ?" ಡಾಕ್ಟರು ಹತ್ತು ಸಲ ಹೇಳಿದ್ದಕ್ಕಿಂತ ಅಪ್ಪಗಳು ಒಮ್ಮೆ ಕೇಳಿದ್ದು ಮನೆಯಲ್ಲಿ ನಿಲ್ಲುತ್ತದೆ. ಎರಡನೆಯದು, ಸಾಮೂಹಿಕ ವಿವಾಹದ ದಿನ ವಧೂವರರಿಗೆ ಹೇಳುವ ಹಿತವಚನದಲ್ಲಿ ಆಸ್ಪತ್ರೆಯಲ್ಲಿ ಕೇಳಬೇಕಾದ ಆ ಎರಡು ಪ್ರಶ್ನೆಗಳೂ ಸೇರಲಿ. ಮೂರನೆಯದು, ಆಪರೇಶನ್ನಿಗೆ ಊರು ಬಿಟ್ಟು ಹೋಗುವ ಕುಟುಂಬಕ್ಕೆ ಚಿಕಿತ್ಸೆಯ ಹಣ ಯೋಜನೆಯಿಂದ ಸಿಕ್ಕರೂ ಉಳಿಯಲು ಜಾಗ, ಊಟ, ರಕ್ತ ಕೊಡುವ ಜನ ಸಿಗುವುದಿಲ್ಲ. ನಗರಗಳಲ್ಲಿ ನಮ್ಮ ಮಠಗಳಿವೆ, ಪ್ರಸಾದ ನಿಲಯಗಳಿವೆ. ಅಲ್ಲೊಂದು ಕೋಣೆ, ಎರಡು ಹೊತ್ತಿನ ಪ್ರಸಾದ, ನಾಲ್ಕು ಜನ ರಕ್ತದಾನಿಗಳು ಸಿಕ್ಕರೆ ಅದಕ್ಕಿಂತ ದೊಡ್ಡ ದಾಸೋಹ ನನಗೆ ಗೊತ್ತಿಲ್ಲ.

"ನೀವು ನೋಡಿದ್ರೆಲ್ರಿ?" ಎಂದು ಆ ತಾಯಿ ನನ್ನನ್ನು ಕೇಳಿದಳು. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಕೂಸನ್ನು, ಪಕ್ಕದ ಮನೆಯ ಕೂಸನ್ನು, ಬೆಳಕಿಗೆ ತಂದು ಒಮ್ಮೆ ಸರಿಯಾಗಿ ನೋಡಿ. ಅನುಮಾನ ಬಂದರೆ ನಾಳೆ ಎನ್ನಬೇಡಿ.